ಹೊಸ ಜಾತಿಯ ಜರಿಗಿಡ

ಹೇಳಿದರೆ ಅವಳು ನಕ್ಕುಬಿಟ್ಟರೆ? ನಗದೆ ಸುಮ್ಮನಾದರೆ ಇನ್ನೂ ಕಷ್ಟ. ಪಳೆಯುಳಿಕೆ ಹುಡುಕುವ ಶಿಬಿರ ಇವತ್ತಿಗೆ ಮುಗಿಯುತ್ತದೆ, ನಾಳೆ ಇಬ್ಬರದೂ ಬೇರೆ ಬೇರೆ ದಾರಿ. ಕಲ್ಲಿದ್ದಲ ಪದರದಿಂದ ಸೀಳಿ ತೆಗೆದ ಕಲ್ಲನ್ನು ಅವನು ವಾರಿಜಾಳ ಮುಂದೆ ಹಿಡಿದ. ಮೂವತ್ತು ಕೋಟಿ ವರ್ಷಗಳ ಹಿಂದಿನ ಜರಿಗಿಡದ ಎಲೆಯೊಂದು ಅದರಲ್ಲಿ ಅಚ್ಚೊತ್ತಿತ್ತು.

“ಹೊಸ ಜಾತಿ ಅನ್ಸುತ್ತೆ. ಕಂಡುಹಿಡಿದವನು ಹೆಸರಿಡಬಹುದು, ತನ್ನ ಹೆಸರೊಂದು ಬಿಟ್ಟು.”

“ಯಾರ ಹೆಸರಿಡ್ತೀರಿ? ಶಿಬಿರಕ್ಕೆ ಕರ್ಕೊಂಡು ಬಂದ ಮೇಷ್ಟ್ರದಾ?”

“ನಿಮ್ಮದು.”

“ಅಯ್ಯೋ, ಈ ಮುದುಕಿಗೆ ನನ್ನ ಹೆಸರಾ!”

ಶಿಬಿರದಲ್ಲಿ ಎಲೆಗಳ ಜಾತಿ ಗುರುತಿಸುವ ಕೆಲಸ ಅವಳದೇ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು.

“ಹೊಸದೇ,” ಎಂದಳು, ತಲೆಯೆತ್ತದೆ. “ಆದ್ರೆ ಹೆಸರಿಡೋಕೆ ಮುಂಚೆ ಮನೆಗೆ ಬಂದು ನಮ್ಮಪ್ಪನ್ನ ಒಂದು ಮಾತು ಕೇಳ್ಬೇಕಾಗುತ್ತೆ, ನೋಡಿ.”

ಅವನು ಹೋದ, ಕೇಳಿದ, ಮದುವೆಯೂ ಆಯಿತು. ಅದೇ ಜಾತಿಯ ಎಲೆಯ ಕಲ್ಲುಗಳಿಗೆ ಅವಳೇ ಅದರ ಹಳೆಯ ಹೆಸರಿನ ಚೀಟಿ ಅಂಟಿಸಿ ತುಂಬಿಸಿದ್ದ ಪೆಟ್ಟಿಗೆಗಳನ್ನು ಶಿಬಿರ ಮುಗಿಯುವ ಹಿಂದಿನ ದಿನವೇ ಲಾರಿಗೆ ಹೇರುವಾಗ ತಾನು ಮುಚ್ಚಳ ತೆಗೆದು ನೋಡಿದ್ದನ್ನು ಮಾತ್ರ ಅವನು ಅವಳಿಗೆ ಎಂದೂ ಹೇಳಲಿಲ್ಲ.