ಅತ್ತೆಯ ಕಾಲು, ಸೊಸೆಯ ಪರೀಕ್ಷೆ

ಚಟಾರನೆ ಬಿತ್ತು ಮಗ್ಗದ ಲಾಳಿಯ ಏಟು, ರಾಜಾತಿಯ ಮಣಿಕಟ್ಟಿಗೆ.

"ಮತ್ತೆ ಕೆಳೀಕೆ ಬಂತಲ್ಲೇ ಕೈ! ಪಾದದಿಂದ ಮ್ಯಾಲಕ್ಕೆ ಓಗು ಅಂತ ಎಷ್ಟ್ ಸಲ ಏಳ್ಲಿ?" ಎಂದು ಅತ್ತೆ ಚೆಲ್ಲಮ್ಮ ಗದರಿ, ಚಾಚಿದ್ದ ಕಾಲನ್ನು ಇನ್ನಷ್ಟು ಮುಂದಕ್ಕೆ ತಳ್ಳಿದಳು. ಅವಳ ತಲೆಗೆ ಒಂದು ಬಟ್ಟೆ ಬಿಗಿಯಾಗಿ ಸುತ್ತಿತ್ತು. ಈಚೆಗೆ ಅದು ಇಳಿದದ್ದೇ ಇಲ್ಲ. ಕೇಳಿದರೆ "ಚಳಿ ಕಣೇ" ಎನ್ನುತ್ತಿದ್ದಳು. ಸೇಲಂ ಬಿಸಿಲಿನಲ್ಲಿ ಚಳಿಯಂತೆ! ಆದರೆ ಚೆಲ್ಲಮ್ಮನಿಗೆ ಎದುರಾಡುವ ಗಂಡೆದೆ ಆ ಮನೆಯಲ್ಲಿ ಯಾರಿಗಿತ್ತು?

ಗುಗೈ ನೇಕಾರರ ಬೀದಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ ನೀರೆರೆದ ಕೈ ಅವಳದು. ಸೊಸೆಗೂ ಅದನ್ನೇ ಕಲಿಸಿದ್ದಳು. ತೊಡೆಯಿಂದ ಪಾದಕ್ಕೆ, ತೋಳಿನಿಂದ ಬೆರಳಿಗೆ, ಯಾವಾಗಲೂ ಕೆಳಮುಖವಾಗಿಯೇ ನೀವಬೇಕು. ನೋವು, ದೃಷ್ಟಿ ಎಲ್ಲ ಬೆರಳ ತುದಿಯಿಂದ ಹೊರಗೆ ಹೋಗಬೇಕು. ಮೇಲಕ್ಕೆ ನೀವಿದರೆ ನೋವು ತಲೆಗೆ ಹತ್ತುತ್ತದೆ. ಬೀದಿಯ ಮಕ್ಕಳಿಗೂ ಗೊತ್ತಿದ್ದ ಮಾತು ಇದು. ಆಸ್ಪತ್ರೆಯಲ್ಲಿ ಮಾತ್ರ ಎಲ್ಲ ಉಲ್ಟಾ: ಅಲ್ಲಿ ನೀವುವುದೆಲ್ಲ ಮೇಲಕ್ಕೆ, ಎದೆಯ ಕಡೆಗೆ. ವಾರ್ಡಿನಲ್ಲಿ ರೋಗಿಗಳ ಬೇಸಿನ್ ತೊಳೆಯುತ್ತಿದ್ದ ರಾಜಾತಿಯ ಕೈಯ ಹದ ನೋಡಿ ಲೇಡಿ ಡಾಕ್ಟರು ಅವಳನ್ನು ಮಸಾಜು ಪರೀಕ್ಷೆಗೆ ಕೂರಿಸಿದ್ದರು. ಪಾಸಾದರೆ ಲೈಸೆನ್ಸು, ಬಿಳಿ ಸೀರೆ, ಮರ್ಯಾದೆಯ ಕೆಲಸ. ಹೋದ ವರ್ಷ ಎಲುಬು, ಸ್ನಾಯು, ಕಸರತ್ತು ಎಂದು ಕೇಳಿದ್ದಕ್ಕೆಲ್ಲ ಅರಳು ಹುರಿದಂತೆ ಉತ್ತರ ಹೇಳಿದ್ದಳು. ಕೊನೆಗೆ ರೋಗಿಯ ಕಾಲು ಹಿಡಿದಾಗ ಕೈ ತನ್ನ ಪಾಡಿಗೆ ಕೆಳಕ್ಕೆ ಜಾರಿತು, ಫೇಲಾದಳು. ಈ ಸಲವೂ ಜಾರಿದರೆ ಮತ್ತೊಂದು ಅವಕಾಶವಿಲ್ಲ. ಸಾಯುವ ತನಕ ಬೇಸಿನ್ನೇ ಗತಿ.

"ಎಣ್ಣೆ ತಿಕ್ಕೋಕೂ ಪರೀಕ್ಷೆನಾ? ಅದ್ರಲ್ಲೂ ಫೇಲಾ?" ಎಂದು ಬೀದಿಗೆ ಬೀದಿಯೇ ಹೊಟ್ಟೆ ಹಿಡಿದು ನಕ್ಕಿತ್ತು. ಚೆಲ್ಲಮ್ಮ ನಗಲಿಲ್ಲ. ತಾನು ಕಲಿಸಿದ ವಿದ್ಯೆಯೇ ಸೊಸೆಗೆ ಮುಳುವಾಯಿತಲ್ಲ ಎಂದು ಅವಳ ಹೊಟ್ಟೆಯಲ್ಲಿ ಬೆಂಕಿ ಇಟ್ಟಂತಾಗಿತ್ತು. "ನಾನ್ ಆಕಿದ ಗಂಟು, ನಾನೇ ಬಿಚ್ತೀನಿ. ಬಾ, ನನ್ ಕಾಲ್ ಮ್ಯಾಲೆ ಕಲಿ" ಎಂದು ಮಗ್ಗದ ಪಕ್ಕದಲ್ಲಿ ಕೂತೇಬಿಟ್ಟಳು.

"ನೋವು ತಲೆಗೆ ಅತ್ತೋದಿಲ್ವಾ ಅತ್ತೆ? ನಿಮ್ಗೆ ಭಯ ಇಲ್ವಾ?"

"ಅದೆಲ್ಲ ಸುಮ್ನೆ ಏಳೋ ಮಾತು. ನೀನ್ ತಿಕ್ಕು."

ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ಮಗ ಶಿವಲಿಂಗಂ ಗೊಣಗಿದ. "ಅವ್ವಾ, ನನ್ ಲಾಳಿ ಕೊಡು. ಸೀರೆ ನೇಯೋದಾ, ಬ್ಯಾಡ್ವಾ?"

"ಸೀರೆ ನಾಳೆ ನೇಯ್ಬೋದು. ಇವ್ಳ್ ಪರೀಕ್ಷೆ ಕೈತಪ್ಪಿದ್ರೆ ಮತ್ತೆ ಬರಾಕಿಲ್ಲ. ಸುಮ್ಕಿರ್ಲಾ!" ಎಂದವಳೇ ಸೊಸೆಗೆ ಇನ್ನೊಂದು ಏಟು ಕೊಟ್ಟಳು. ರಾಜಾತಿಯ ಕೈ ಮತ್ತೆ ಕೆಳಗೆ ಜಾರಿತ್ತು.

ಪರೀಕ್ಷೆಯ ದಿನ ಮದ್ರಾಸಿನಿಂದ, ಹೋದ ವರ್ಷ ಅವಳನ್ನು ಫೇಲು ಮಾಡಿದ್ದ ಅದೇ ದೊರೆಸಾನಿ ಬಂದಿದ್ದರು. ಮಂಚದ ಮೇಲೆ ಮುದುಕಿಯೊಬ್ಬಳು, ಕುಂಬಳಕಾಯಿಯ ಹಾಗೆ ಊದಿದ ಕಾಲು. "ಮಾಡು" ಎಂದು ದೊರೆಸಾನಿ ಮುರುಕು ತಮಿಳಿನಲ್ಲಿ ಹೇಳಿ ಕೈಕಟ್ಟಿ ನಿಂತರು. ರಾಜಾತಿ ಮಂಚದ ಹತ್ತಿರ ಬಗ್ಗಿದಳು. ಹುಟ್ಟುಗುಣ ಸುಟ್ಟರೂ ಹೋಗದಂತೆ! ಹಾಳಾದ ಕೈ ನೇರ ಹೋಗಿ ಮೊಣಕಾಲಿನ ಮೇಲೆ ಕೂತಿತು, ಕೆಳಕ್ಕೆ ಜಾರಲು ಸಿದ್ಧವಾಗಿ. ಅಷ್ಟರಲ್ಲಿ ಮಣಿಕಟ್ಟು ಚುರ್ ಎಂದಿತು. ಅಲ್ಲಿ ಲಾಳಿ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಆದರೂ ಚುರ್ ಎಂದಿತು. ಕೈ ಮೊಣಕಾಲು ಬಿಟ್ಟು ಪಾದಕ್ಕೆ ಬಂತು. ಅಲ್ಲಿಂದ ಹಿಮ್ಮಡಿ ಬಳಸಿ, ಮೀನಖಂಡ ಹಿಡಿದು, ಮೇಲಕ್ಕೆ, ಮೇಲಕ್ಕೆ ಹತ್ತಿತು. ಮತ್ತೆ ಪಾದ, ಮತ್ತೆ ಮೇಲಕ್ಕೆ. ಒಮ್ಮೆಯೂ ತಪ್ಪಲಿಲ್ಲ. ಮಂಚದ ಮೇಲಿನ ಮುದುಕಿ "ಅಪ್ಪಾಡಾ" ಎಂದು ಕಣ್ಣು ಮುಚ್ಚಿದಳು.

"ಮೇಲಕ್ಕೇ ಏಕೆ?"

"ಬಾವು ಇಳಿಯಬೇಕಾದರೆ ರಕ್ತ ಎದೆಗೆ ಹತ್ತಬೇಕಮ್ಮಾ."

ದೊರೆಸಾನಿ ನಕ್ಕರು. "ಹೋದ ಸಲ ಕೆಳಕ್ಕೆ ನೀವಿದೆಯಲ್ಲ, ಅದನ್ನು ಕಲಿಸಿದ್ದು ಯಾರು?"

"ನಮ್ಮ ಅತ್ತೆ."

"ಈ ಸಲ?"

"ಅದೂ ನಮ್ಮ ಅತ್ತೆಯೇ!"

"ಪಾಸ್" ಎಂದರು ದೊರೆಸಾನಿ.

ಹತ್ತಿ ಬಂದ ಜಟಕಾ ತಮ್ಮ ಬೀದಿಯ ತಿರುವು ದಾಟುವ ಮೊದಲೇ ರಾಜಾತಿ ಧುಮುಕಿ ಮನೆಗೆ ಓಡಿದಳು. ಜಗುಲಿಯ ಮೇಲೆ ಕಾದಿದ್ದ ಚೆಲ್ಲಮ್ಮ ಸೊಸೆಯ ಮುಖ ನೋಡಿದಳು, ಕೇಳಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದಳು. "ಎಲ್ಲಿ, ನಕ್ಕೋರೆಲ್ಲ ಆಚೆ ಬರ್ರಿ! ನಮ್ ರಾಜಾತಿ ಪಾಸು! ಎಣ್ಣೆ ತಿಕ್ಕೋಕೂ ಲೈಸೆನ್ಸ್ ತಕ್ಕಂಡವ್ಳೆ, ನೋಡ್ರಿ!" ಮಗ್ಗಗಳೆಲ್ಲ ಒಂದೊಂದಾಗಿ ನಿಂತವು. ನಕ್ಕವರೇ ಬಂದು ಬಾಯಿ ತೆರೆದರು. ಚೆಲ್ಲಮ್ಮ ಒಬ್ಬೊಬ್ಬರ ಬಾಯಿಗೂ ಸಕ್ಕರೆ ತುರುಕಿದಳು. ಶಿವಲಿಂಗಂ ಬಾಗಿಲಲ್ಲಿ ನಿಂತು ಹೆಂಡತಿಯನ್ನೇ ನೋಡುತ್ತ ಹಲ್ಲು ಬಿಡುತ್ತಿದ್ದ.

ಜನ ಕರಗಿದ ಮೇಲೆ ಚೆಲ್ಲಮ್ಮ ಒಳಗೆ ಬಂದು ಮಗ್ಗದ ಪಕ್ಕ ಕೂತಳು. ಮಗನ ಲಾಳಿಯನ್ನು ಅವನಿಗೆ ಎಸೆದಳು. ಆಮೇಲೆ ಎರಡೂ ಕೈ ಎತ್ತಿ ತಲೆಗೆ ಸುತ್ತಿದ್ದ ಬಟ್ಟೆಯನ್ನು ಮೆಲ್ಲಗೆ ಬಿಚ್ಚಿದಳು. ಹಣೆಯ ಸುತ್ತ ಬಟ್ಟೆ ಬಿಗಿದ ಗುರುತು ಎದ್ದು ಕಾಣುತ್ತಿತ್ತು.

"ಮುಗೀತಲ್ಲ ನಿನ್ ಪರೀಕ್ಷೆ?" ಎಂದಳು. "ಈಗ ಬಾರೇ ಅಮ್ಮಣಿ. ಇಷ್ಟ್ ದಿನ ತಲೆಗೆ ಅತ್ತಿಸಿರೋ ನೋವ್ನೆಲ್ಲ ಕೆಳೀಕೆ ಇಳಿಸ್ಬುಡು. ಸಿಡ್ದೋಗ್ತೈತೆ ತಲೆ!"

ರಾಜಾತಿಗೆ ಕಣ್ಣು ತುಂಬಿ ಬಂತು. ಎಣ್ಣೆ ಬಟ್ಟಲು ತಂದು, ಅತ್ತೆಯ ನೆತ್ತಿಗೆ ಕೈ ಇಟ್ಟು, ಪಾದದ ತನಕ, ಕೆಳಮುಖವಾಗಿ ನೀವತೊಡಗಿದಳು.