ಎರಡನೆಯ ಸಾಲು

"ಸೀಟು ಸಿಕ್ತಪ್ಪ!" ಅಮೆರಿಕದ ಕಾಲೇಜಿನ ಪತ್ರವನ್ನು ಫೋನಿನಲ್ಲಿ ತೆರೆದ ಜಿಪಾರ್ ಕೂಗಿದಳು. ನರಿನ್ ಎಂಬ ಗುಡ್ಡಗಾಡು ಊರಿನ ಆ ಕುರಿಗಾಹಿ ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ಅವಳೊಬ್ಬಳೇ. ಅಪ್ಪ ಎರ್ಮೆಕ್ ಆಗಲೇ ತಮ್ಮನಿಗೆ ಫೋನು ಹಚ್ಚಿದ್ದ. "ಕುರಿ ಕಡಿಯೋಣ ಬಾರೋ! ನಿನ್ ಮಗ ಕುದುರೆ ಬಾಲ ಹಿಡ್ಕೊಂಡೇ ಇರ್ಲಿ, ನನ್ ಮಗಳು ಅಮೆರಿಕಕ್ಕೆ ಹೊರಟ್ಲು!"

ಅಷ್ಟರಲ್ಲಿ ಜಿಪಾರ್ ಎರಡನೆಯ ಸಾಲು ಓದಿದ್ದಳು. ಕಾಲೇಜು ಕೊಡುವ ನೆರವು ಅರ್ಧ ಖರ್ಚಿಗೆ ಮಾತ್ರ. ಮಂದೆಯನ್ನೆಲ್ಲ ಮಾರಿದರೂ ಉಳಿದರ್ಧ ಹುಟ್ಟುವುದಿಲ್ಲ. ಸೀಟು ಕೊಟ್ಟರೆ ಬಂದೇ ಬರುತ್ತೇನೆಂದು ಸಹಿ ಹಾಕಿದ್ದವಳು ಈಗ ಬರಲಾರೆನೆಂದು ತಾನೇ ಬರೆಯಬೇಕು.

"ಆಮೇಲೇನು ಬರೆದಿದಾರಮ್ಮ? ಪೂರ್ತಿ ಓದು," ಎನ್ನುತ್ತ ಅಪ್ಪ ಪಕ್ಕದಲ್ಲಿ ಬಂದು ಕೂತ. ಅವನಿಗೆ ಇಂಗ್ಲಿಷ್ ಓದಲು ಬಾರದೆಂದು ಗೊತ್ತಿದ್ದರೂ ಅವಳು ಆ ಸಾಲಿನ ಮೇಲೆ ಹೆಬ್ಬೆರಳಿಟ್ಟಳು. "ನಿಮ್ಗೂ ಅಭಿನಂದನೆ ಹೇಳಿದಾರಪ್ಪ, ಇಂಥ ಮಗಳನ್ನ ಬೆಳೆಸಿದ್ದಕ್ಕೆ."

ಎರ್ಮೆಕ್ ಎದೆಯ ಮೇಲೆ ಕೈಯಿಟ್ಟು ಫೋನಿಗೆ ತಲೆಬಾಗಿದ. "ಉತ್ತರ ಬರಿ ಮಗಳೇ," ಎಂದ, "ಇವತ್ತೇ ಬರಿ."