ಕೆಂಡದ ಕಿಂಡಿ

ಕೆಡವುತ್ತಾರೆಂಬ ಸುದ್ದಿ ಹಬ್ಬಿದಾಗಿನಿಂದ ಆ ಹಳೇ ಕ್ವಾರ್ಟರ್ಸಿನ ಜನ ಯಾವ ಅಧಿಕಾರಿಗೂ ಬಾಗಿಲು ತೆರೆದಿರಲಿಲ್ಲ. ಆದರೆ ಆ ದಿನ ಬಂದವನೊಬ್ಬ, “ನಿಮ್ಮ ಕ್ವಾರ್ಟರ್ಸಿನ ಚರಿತ್ರೆ ಬರೀತೀನಿ” ಎಂದಾಗ ಫಕೀರವ್ವ ಒಳಗೆ ಕರೆದು ಕೂರಿಸಿದಳು.

“ಇದೇನವ್ವಾ?” ಅಡುಗೆಮನೆಯ ಗೋಡೆಯಲ್ಲಿದ್ದ ಕಿಂಡಿಯ ಸುತ್ತ ಬೆರಳಿನಿಂದ ತಟ್ಟುತ್ತ ಕೇಳಿದ.

“ನಾವ ಕೊರ್ದಿದ್ದು. ಮೊದಲ ಇಲ್ಲಿ ಬಂದಾಗ ಒಬ್ರ ಮನ್ಯಾಗ ಒಲಿ ಹೊತ್ತಿಸಿದ್ರ ಇದ್ರಾಗ ಆಚೀ ಮನಿಗೆ ಕೆಂಡ ಕೊಡ್ತಿದ್ವಿ. ಈಗ ಸಾರು, ಪಲ್ಯ, ಸುದ್ದಿ.”

“ಎಲ್ಲರ ಮನೆಯಲ್ಲೂ ಇದೆಯಾ?”

ಅವಳು ಕಿಂಡಿಗೆ ಬಾಯಿಟ್ಟು ಕೂಗಿದಳು. “ದ್ಯಾಮವ್ವಾ, ನಿಮ್ಮ ಆಚೀ ಕಿಂಡಿ ತಗೀರಿ. ಕಡೀ ಮನೀತನಾ ಹೇಳ್ರಿ.”

ಒಂದೊಂದೇ ಮುಚ್ಚಳ ಸರಿದ ಸದ್ದಾಯಿತು. ಅವನು ಬಗ್ಗಿ ನೋಡಿದ. ಸಾಲಿನ ಕೊನೆಯ ಮನೆಯವರೆಗೂ ಕಾಣುತ್ತಿತ್ತು.

ಅವಳು ಕೊಟ್ಟ ಚಹಾ ಆರುತ್ತಿತ್ತು. ಹೊರಗೆ ಅವನು ಬಂದ ಜೀಪಿನ ಎಂಜಿನ್ ಇನ್ನೂ ನಿಂತಿರಲಿಲ್ಲ.

“ನಾನೂ ಒಂದು ಸುದ್ದಿ ಕಳಿಸಬಹುದಾ?”

“ಕಳಸ್ರಿ ಮತ್ತ,” ಎಂದು ನಗುತ್ತ ಅವಳು ಪಕ್ಕಕ್ಕೆ ಸರಿದಳು.

ಅವನು ಕಿಂಡಿಗೆ ಬಾಯಿಟ್ಟ.

“ನಾನು ಎಂಜಿನಿಯರ್. ಗೋಡೆಗಳೆಲ್ಲ ತೂತಾಗಿವೆ, ಕಟ್ಟಡ ವಾಸಕ್ಕೆ ಯೋಗ್ಯವಲ್ಲ. ಸಂಜೆಯೊಳಗೆ ಎಲ್ಲರೂ ಖಾಲಿ ಮಾಡಿ. ಕೊನೇ ಮನೆಯವರೆಗೂ ಹೇಳಿ.”